ಐದು ಲಕ್ಷದ ಕಾರ್ಡ್ ಇದ್ದರೂ ಅಮ್ಮನ ಶುಗರ್ ಮಾತ್ರೆಗೆ ಕೈಯಿಂದಲೇ ದುಡ್ಡು ಯಾಕೆ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ, ಸಂಬಳ 19,500 ರೂಪಾಯಿ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತದೆ. ಅಮ್ಮ ಊರಲ್ಲಿ ಅಣ್ಣನ ಜೊತೆ ಇದ್ದಾರೆ. 56 ವರ್ಷ, ತೂಕ 58 ಕೆ.ಜಿ., ಶುಗರ್ ಬಂದು ಎಂಟು ವರ್ಷ. ಗ್ಲಿಮೆಪಿರೈಡ್ 2 ಮತ್ತು ಮೆಟ್‌ಫಾರ್ಮಿನ್ 1000 ಸೇರಿದ ಮಾತ್ರೆ ಬೆಳಿಗ್ಗೆ, ರಾತ್ರಿ ನುಂಗುತ್ತಾರೆ. ಹೋದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 9.6 ಬಂತು, ಖಾಲಿ ಹೊಟ್ಟೆಯಲ್ಲಿ 190. ಡಾಕ್ಟರು ಇನ್ಸುಲಿನ್ ಅಂದರು. ಅಮ್ಮ ಒಪ್ಪುತ್ತಿಲ್ಲ. ‘ಇನ್ಸುಲಿನ್ ಶುರು ಮಾಡಿದ ಮೇಲೆ ನಿಮ್ಮಜ್ಜಿ ಆರು ತಿಂಗಳೂ ಇರಲಿಲ್ಲ’ ಅನ್ನುತ್ತಾರೆ. ಹಿತ್ತಲಲ್ಲಿ ಇನ್ಸುಲಿನ್ ಗಿಡ ನೆಟ್ಟು ದಿನಾ ಎರಡು ಎಲೆ ತಿನ್ನುತ್ತಾರೆ, ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದಾರೆ, ಎರಡು ಹೊತ್ತೂ ಮುದ್ದೆ. ತಿಂಗಳಿಗೆ ಔಷಧಿಗೇ 2,400 ರೂಪಾಯಿ ಆಗುತ್ತಿದೆ. ಬಿಪಿಎಲ್ ಕಾರ್ಡ್ ಮೇಲೆ ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೇವೆ, ಮೆಡಿಕಲ್ ಶಾಪಿನಲ್ಲಿ ಅದು ನಡೆಯಲ್ಲ ಅಂದರು. ವಿಮೆ ಏಜೆಂಟರೊಬ್ಬರು ಫಾರಂನಲ್ಲಿ ಶುಗರ್ ಅಂತ ಬರೆಯಬೇಡಿ, ಬೇರೆ ಪಾಲಿಸಿ ಮಾಡಿಸಿಕೊಡುತ್ತೇನೆ ಅನ್ನುತ್ತಾರೆ. ಏನು ಮಾಡಲಿ? ಅಂದಹಾಗೆ, ಅಮ್ಮನ ಬಲಗಾಲಿನ ಹೆಬ್ಬೆರಳ ಕೆಳಗೆ ಮೂರು ವಾರದಿಂದ ಒಂದು ಗಾಯ ಇದೆ, ನೋವಿಲ್ಲ ಅನ್ನುತ್ತಾರೆ, ಅರಿಶಿನ ಹಚ್ಚುತ್ತಿದ್ದಾರೆ.

ಉತ್ತರ: ನೀವು ‘ಅಂದಹಾಗೆ’ ಅಂತ ಕೊನೆಗೆ ಸೇರಿಸಿದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಇನ್ಸುಲಿನ್, ಕಾರ್ಡು, ಪಾಲಿಸಿ ಎಲ್ಲವೂ ಒಂದು ವಾರ ಕಾಯಬಹುದು. ಆ ಗಾಯ ಕಾಯುವುದಿಲ್ಲ.

ಎಂಟು ವರ್ಷದ ಶುಗರ್ ಇರುವವರ ಅಂಗಾಲಿನಲ್ಲಿ ಮೂರು ವಾರ ಮಾಯದ ಗಾಯ, ಅದೂ ನೋವಿಲ್ಲದ ಗಾಯ. ನೋವಿಲ್ಲ ಎನ್ನುವುದನ್ನು ಮನೆಯವರು ಸಮಾಧಾನದ ಸಂಗತಿ ಅಂದುಕೊಳ್ಳುತ್ತಾರೆ. ನಮಗೆ ಹೆದರಿಕೆ ಹುಟ್ಟಿಸುವುದೇ ಅದು. ಕಾಲಿನ ನರಗಳು ಸಂವೇದನೆ ಕಳೆದುಕೊಂಡಿವೆ ಎಂದರ್ಥ. ನಮ್ಮ ನಿಮ್ಮ ಕಾಲಿಗೆ ಗಾಯವಾದರೆ ನೋವು ತಾಳದೆ ಕುಂಟುತ್ತೇವೆ, ಆ ಕುಂಟುವಿಕೆಯೇ ಗಾಯಕ್ಕೆ ವಿಶ್ರಾಂತಿ ಕೊಡುತ್ತದೆ. ನಿಮ್ಮ ಅಮ್ಮ ಕುಂಟುತ್ತಿಲ್ಲ. ದಿನಕ್ಕೆ ಸಾವಿರಾರು ಸಲ ಅದೇ ಜಾಗದ ಮೇಲೆ ಮೈಭಾರ ಬೀಳುತ್ತಿದೆ. ಅರಿಶಿನ ಹಚ್ಚಿದರೂ ಮುಲಾಮು ಹಚ್ಚಿದರೂ ಆ ಒತ್ತಡ ತಪ್ಪದೆ ಗಾಯ ಮಾಯುವುದಿಲ್ಲ. ಅರಿಶಿನದ ಪುಡಿ ಗಟ್ಟಿಯಾಗಿ ಕೂತರೆ ಕೆಳಗೆ ಕೀವಾಗುತ್ತಿದ್ದರೂ ಕಾಣುವುದಿಲ್ಲ.

ಈ ವಾರವೇ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಗಾಯದ ಸುತ್ತ ಎರಡು ಸೆಂಟಿಮೀಟರಿಗಿಂತ ಹೆಚ್ಚು ಕೆಂಪು, ವಾಸನೆ, ಬೆರಳು ಕಪ್ಪಾಗುವುದು, ಪಾದ ಊದುವುದು, ಜ್ವರ – ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿ, ರಾತ್ರಿಯಾದರೂ ಸರಿ. ಅಲ್ಲಿ ಬರೀ ಡ್ರೆಸ್ಸಿಂಗ್ ಮಾಡಿ ಕಳಿಸಿದರೆ ಸಾಲದು. ಪಾದದ ಮೇಲಿನ ನಾಡಿ ಮುಟ್ಟಿ ನೋಡಬೇಕು, 10 ಗ್ರಾಂ ಮೋನೊಫಿಲಮೆಂಟ್ ಎಂಬ ಸಣ್ಣ ನೈಲಾನ್ ಎಳೆಯಿಂದ ಅಂಗಾಲು ಒತ್ತಿ ಸ್ಪರ್ಶ ಇದೆಯೇ ಪರೀಕ್ಷಿಸಬೇಕು, ಗಾಯ ಆಳವಾಗಿದ್ದರೆ ಮೂಳೆಗೆ ಇಳಿದಿದೆಯೇ ಎಂದು ಎಕ್ಸ್‌ರೇ ತೆಗೆಸಬೇಕು. ಇವನ್ನು ನೀವಾಗಿ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಆದಷ್ಟು ಭಾರ ಬೇಡ. ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರಲ್ಲಿ ಕಾಲು ಇಡುವುದು ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಸುತ್ತಲ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆರೆಯುವುದಂತೂ ಬೇಡವೇ ಬೇಡ. ಯಾರಾದರೂ ‘ದಿನಾ ವಾಕಿಂಗ್ ಮಾಡಿ’ ಎಂದಿದ್ದರೆ ಗಾಯ ಮುಚ್ಚುವವರೆಗೆ ಅದನ್ನೂ ನಿಲ್ಲಿಸಿ. ಕೂತಲ್ಲೇ ಕೈಗಳ ವ್ಯಾಯಾಮ ಸಾಕು.

ಇನ್ನು ಕಾರ್ಡಿನ ವಿಷಯ. ಮೆಡಿಕಲ್ ಶಾಪಿನವರು ಹೇಳಿದ್ದು ನಿಜ. ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ 2018ರಲ್ಲಿ ರಾಜ್ಯ ಮತ್ತು ಕೇಂದ್ರದ ಯೋಜನೆಗಳನ್ನು ಕೂಡಿಸಿ ಮಾಡಿದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಈ ಹಣ ಇರುವುದು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಹೆಚ್ಚಿನಂಶ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಳಿಗೆ. ತಿಂಗಳ ಮಾತ್ರೆ, ಗ್ಲುಕೋಮೀಟರ್ ಪಟ್ಟಿ, ಹೊರರೋಗಿ ರಕ್ತಪರೀಕ್ಷೆ ಇದರಲ್ಲಿ ಬರುವುದಿಲ್ಲ. ಒಂದು ದೃಷ್ಟಿಯಲ್ಲಿ ನೋಡಿದರೆ, ಸಕ್ಕರೆ ಕಾಯಿಲೆ ಕೆಟ್ಟು ಕಾಲಿಗೆ, ಕಣ್ಣಿಗೆ, ಹೃದಯಕ್ಕೆ, ಕಿಡ್ನಿಗೆ ಮುಟ್ಟಿದ ದಿನಕ್ಕೆ ಈ ಕಾರ್ಡ್ ಇದೆ. ಅಲ್ಲಿಗೆ ಮುಟ್ಟದಂತೆ ಕಾಯುವ ದಿನಗಳ ಖರ್ಚಿಗೆ ಬೇರೆ ಬಾಗಿಲುಗಳಿವೆ. ನಿಮ್ಮ ಮನೆಗೆ ಅಂಥ ಎರಡು ಬಾಗಿಲು ತೆರೆದೇ ಇವೆ, ಎರಡನ್ನೂ ನೀವು ಬಳಸುತ್ತಿಲ್ಲ.

ಒಂದು, ನಿಮ್ಮ ಇಎಸ್‌ಐ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಇದು ಅನ್ವಯ, ನಿಮ್ಮ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಸೇರುತ್ತದೆ. ಬಹಳ ಕಾರ್ಮಿಕರು ಇದನ್ನು ತಮಗೆ ಮತ್ತು ಹೆಂಡತಿ ಮಕ್ಕಳಿಗೆ ಮಾತ್ರ ಅಂದುಕೊಂಡಿರುತ್ತಾರೆ. ಎಲ್ಲ ಮೂಲಗಳಿಂದ ತಿಂಗಳ ಆದಾಯ 9,000 ರೂಪಾಯಿ ಮೀರದ, ನಿಮ್ಮನ್ನು ಅವಲಂಬಿಸಿರುವ ತಂದೆ ತಾಯಿಗೂ ಇದರ ವೈದ್ಯಕೀಯ ಸೌಲಭ್ಯ ಸಿಗುತ್ತದೆ. ನಿಮ್ಮ ಅಮ್ಮನಿಗೆ ಬರುವುದು ಪಿಂಚಣಿ, ಗೃಹಲಕ್ಷ್ಮಿ ಹಣವಷ್ಟೇ ಆಗಿದ್ದರೆ ಆ ಮಿತಿಯೊಳಗೇ ಇರುತ್ತಾರೆ. ಮುಖ್ಯವಾಗಿ, ಇಎಸ್‌ಐನಲ್ಲಿ ಹೊರರೋಗಿ ಚಿಕಿತ್ಸೆಯೂ ತಿಂಗಳ ಔಷಧಿಯೂ ಇನ್ಸುಲಿನ್ನೂ ಸೇರಿವೆ. ನಿಮಗೆ ಬೇಕಾಗಿರುವುದು ಇದೇ ಅಲ್ಲವೇ?

ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡ್ ತೆಗೆದು ಕುಟುಂಬದವರ ಪಟ್ಟಿ ನೋಡಿ. ಅಮ್ಮನ ಹೆಸರಿಲ್ಲದಿದ್ದರೆ ಕಾರ್ಖಾನೆಯ ಎಚ್‌ಆರ್ ವಿಭಾಗದವರಿಗೆ ಅಮ್ಮನ ಆಧಾರ್ ಕೊಟ್ಟು ಸೇರಿಸಲು ಹೇಳಿ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ಹುಟ್ಟಿದ ವರ್ಷ ನಮೂದಾಗಬೇಕು. ಒಂದು ಕಡೆ ‘ಗೌರಮ್ಮ’, ಇನ್ನೊಂದು ಕಡೆ ‘ಗೌರಿ’ ಎಂದಿದ್ದು ತಿಂಗಳುಗಟ್ಟಲೆ ಅಲೆಯುವವರು ಬಹಳ. ಅಮ್ಮ ನಿಮ್ಮ ಜೊತೆ ಇಲ್ಲದ ಕಾರಣ ಅವರಿಗೆ ಊರಿಗೆ ಹತ್ತಿರದ ಇಎಸ್‌ಐ ಡಿಸ್ಪೆನ್ಸರಿಯನ್ನು ಬೇರೆಯಾಗಿ ನಮೂದಿಸಲು ಕೇಳಿ. ಒಂದು ಎಚ್ಚರಿಕೆ: ಸಂಬಳ 21,000 ದಾಟಿದರೆ ಆಗ ನಡೆಯುತ್ತಿರುವ ವಂತಿಗೆ ಅವಧಿ (ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್) ಮುಗಿಯುವವರೆಗೆ ಕಡಿತ ಮುಂದುವರಿಯುತ್ತದೆ, ನಂತರ ನೀವು ಹೊರಗೆ. ಬಡ್ತಿಯ ಮಾತು ಬಂದಾಗ ಕಂಪನಿಯ ಗುಂಪು ವಿಮೆಯಲ್ಲಿ ತಾಯಿಯನ್ನು ಸೇರಿಸುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಗುಂಪು ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೂ ಆರಂಭದಿಂದಲೇ ರಕ್ಷಣೆ ಇರುವುದು ಸಾಮಾನ್ಯ.

ಎರಡನೆಯದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್. ಬಿಪಿ, ಶುಗರ್‌ನಂಥ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅಮ್ಮನ ಹೆಸರು ನೋಂದಾಯಿಸಿದರೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಮೂಲ ಮಾತ್ರೆಗಳು ಉಚಿತ. ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ನೋಂದಣಿಗೆ ದಾರಿ ತೋರಿಸುತ್ತಾರೆ. ದಾಸ್ತಾನು ಮುಗಿಯುವುದೂ ಉಂಟು, ಆದ್ದರಿಂದ ಕೈಯಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಹೋಗಬೇಕು. ಇಲ್ಲ ಅಂದರೆ ಜನೌಷಧಿ ಕೇಂದ್ರ ಇದೆ.

ನಿಮ್ಮ 2,400 ರೂಪಾಯಿ ಎಲ್ಲಿಗೆ ಹೋಗುತ್ತಿದೆ ಎಂದು ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಿ. ಇಂಥ ಬಿಲ್ಲುಗಳಲ್ಲಿ ಶುಗರ್ ಮಾತ್ರೆಯ ಪಾಲು ಚಿಕ್ಕದು. ‘ನರದ ಶಕ್ತಿ’ಯ ಮಾತ್ರೆ, ಮಲ್ಟಿವಿಟಮಿನ್, ಡಯಾಬಿಟಿಕ್ ಪ್ರೋಟೀನ್ ಪುಡಿ ಇವೇ ಅರ್ಧಕ್ಕಿಂತ ಹೆಚ್ಚು ನುಂಗಿರುತ್ತವೆ. ಪುಡಿಯನ್ನು ಧೈರ್ಯವಾಗಿ ಬಿಡಬಹುದು. ಹುರುಳಿ, ಅಲಸಂದೆ, ಮೊಟ್ಟೆ ಅದಕ್ಕಿಂತ ಮೇಲು. ಆದರೆ ಬಿ12 ವಿಷಯದಲ್ಲಿ ಅವಸರ ಬೇಡ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುತ್ತದೆ, ಅದರಿಂದಲೂ ಪಾದ ಜೋಮು ಹಿಡಿಯುತ್ತದೆ. ಒಮ್ಮೆ ಪರೀಕ್ಷಿಸಿ, ಕಡಿಮೆ ಇದ್ದರೆ ಮುಂದುವರಿಸಿ.

ಈಗ ಅಮ್ಮನ ಭಯಕ್ಕೆ ಬರೋಣ. ಅಜ್ಜಿಯ ಕಥೆ ಸುಳ್ಳಲ್ಲ, ಆದರೆ ಕಾರಣ ತಿರುವುಮುರುವಾಗಿದೆ. ಹಿಂದೆ ಇನ್ಸುಲಿನ್ ಹಾಕುತ್ತಿದ್ದುದೇ ಕಿಡ್ನಿ ಸೋತ ಮೇಲೆ, ಕಾಲು ಕೊಳೆತ ಮೇಲೆ. ಕೊನೆಗೆ ಬಂದದ್ದು ಇನ್ಸುಲಿನ್, ಹೆಸರು ಕೆಟ್ಟದ್ದೂ ಅದರದೇ. ಟೈಪ್ 2 ಮಧುಮೇಹದಲ್ಲಿ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಶಕ್ತಿ ಸುಮಾರು ಅರ್ಧದಷ್ಟು ಕುಗ್ಗಿರುತ್ತದೆ. ಆಮೇಲೆ ವರ್ಷವರ್ಷಕ್ಕೂ ಇನ್ನಷ್ಟು. ಗ್ಲಿಮೆಪಿರೈಡ್ ಮಾಡುವುದು ಉಳಿದ ಕೋಶಗಳನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಕೆಲಸ. ಹಿಂಡಲು ಉಳಿದಿಲ್ಲದಾಗ ಹೊರಗಿನಿಂದ ಕೊಡಬೇಕು. ಇದು ಚಟವಲ್ಲ, ಶಿಕ್ಷೆಯೂ ಅಲ್ಲ. ಸೋಂಕಿನ ಹೊತ್ತಿನಲ್ಲಿ ಶುರು ಮಾಡಿ, ಗಾಯ ಮಾಯ್ದ ಮೇಲೆ ಡೋಸ್ ಇಳಿಸಿದವರು, ಕೆಲವರು ಪೂರ್ತಿ ಬಿಟ್ಟವರೂ ಇದ್ದಾರೆ.

9.6 ಎಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ 229 ಮಿ.ಗ್ರಾಂ ಆಸುಪಾಸು. 7 ಇದ್ದರೆ 154. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು, ಕಬ್ಬಿಣದಂಶ ಕಡಿಮೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು, ಆದ್ದರಿಂದ ಹಿಮೋಗ್ಲೋಬಿನ್ ನೋಡಿಸಿ. ಆದರೆ ಖಾಲಿ ಹೊಟ್ಟೆಯ 190 ಕೂಡ ಅದೇ ಕಡೆ ಬೆರಳು ತೋರಿಸುತ್ತಿರುವುದರಿಂದ ಅಂಕಿ ಪೂರ್ತಿ ಸುಳ್ಳಾಗಿರಲಾರದು.

ಇನ್ಸುಲಿನ್ ಬಿಟ್ಟು ಬೇರೆ ಆಯ್ಕೆ ಇದೆಯೇ? ಇದೆ, ಆದರೆ ಈ ಹೊತ್ತಿಗೆ ಯಾವುದೂ ಸರಿಹೊಂದುವುದಿಲ್ಲ. ದಿನಕ್ಕೆ ಮೆಟ್‌ಫಾರ್ಮಿನ್ 2000, ಗ್ಲಿಮೆಪಿರೈಡ್ 4 ಮಿ.ಗ್ರಾಂ ಆಗಲೇ ಹೋಗುತ್ತಿದೆ, ಅದನ್ನು ಏರಿಸಿ ದೊಡ್ಡ ಲಾಭವಿಲ್ಲ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿವೆ, ಸುರಕ್ಷಿತವೂ ಹೌದು. ಅವು ಎಚ್‌ಬಿಎ1ಸಿಯನ್ನು ಇಳಿಸುವುದು ಅರ್ಧದಿಂದ ಮುಕ್ಕಾಲು ಅಂಶದಷ್ಟು. 9.6ರಿಂದ 7ಕ್ಕೆ ಅದೊಂದೇ ಸಾಲದು. ಡಪಾಗ್ಲಿಫ್ಲೋಜಿನ್ ಗುಂಪಿನವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಹೃದಯ ಮತ್ತು ಕಿಡ್ನಿಗೆ ಒಳ್ಳೆಯವು. ಆದರೆ ಕಾಲಿನಲ್ಲಿ ತೆರೆದ ಗಾಯ ಇರುವಾಗ ಹೊಸದಾಗಿ ಶುರು ಮಾಡಲು ನಾನು ಹಿಂಜರಿಯುತ್ತೇನೆ. ಗಾಯ ಮಾಯ್ದ ಮೇಲೆ ಯೋಚಿಸಬಹುದು. ಜನನಾಂಗದಲ್ಲಿ ತುರಿಕೆ, ಬೂಸು ಸೋಂಕು ಅದರ ಸಾಮಾನ್ಯ ತೊಂದರೆ. ಗಾಯ, ಸೋಂಕಿನ ಭಯ, 9.6 ಮೂರೂ ಒಟ್ಟಿಗೆ ಇರುವಾಗ ಇನ್ಸುಲಿನ್ ಹೇಳಿದ ನಿಮ್ಮ ಡಾಕ್ಟರ ಮಾತು ಸರಿ.

ಸಾಮಾನ್ಯ ಆರಂಭ ಹೀಗಿರುತ್ತದೆ: ರಾತ್ರಿ ಮಲಗುವಾಗ ಒಂದೇ ಸೂಜಿ, ಕೆ.ಜಿ.ಗೆ 0.1ರಿಂದ 0.2 ಯೂನಿಟ್, ಅಂದರೆ ಅಮ್ಮನ ತೂಕಕ್ಕೆ 6ರಿಂದ 12ರ ನಡುವೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ 130ಕ್ಕಿಂತ ಕೆಳಗೆ ಬರುವವರೆಗೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತಾರೆ, 70ಕ್ಕಿಂತ ಇಳಿದರೆ ಹಿಂದೆ ತರುತ್ತಾರೆ. ಮೆಟ್‌ಫಾರ್ಮಿನ್ ಮುಂದುವರಿಯುತ್ತದೆ, ಗ್ಲಿಮೆಪಿರೈಡ್ ಕಡಿಮೆ ಮಾಡಬೇಕೇ ಎಂದು ಡಾಕ್ಟರನ್ನು ಕೇಳಿ. ಸೋಂಕು ಜೋರಾಗಿದ್ದರೆ ಮಾತ್ರ ದಿನಕ್ಕೆ ಹಲವು ಸೂಜಿ ಬೇಕಾಗಬಹುದು.

ತಪ್ಪು ನಡೆಯುವುದು ಡೋಸ್ ಬರೆಯುವಲ್ಲಿ ಕಡಿಮೆ, ಸಿರಿಂಜಿನಲ್ಲಿ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಬಾಟಲಿ ಸಾಮಾನ್ಯವಾಗಿ ಒಂದು ಎಂ.ಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿರುವುದು 100ರದು, ಯು-100 ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ 10 ಎಂದುಕೊಂಡದ್ದು ಮೈಗೆ 25 ಆಗಿ ಹೋಗುತ್ತದೆ. ರಾತ್ರಿ ಹೊತ್ತು ಅದು ಜೀವಕ್ಕೇ ಕುತ್ತು. ಅದಲುಬದಲಾಗಿ 40ರದನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ 10ರ ಜಾಗದಲ್ಲಿ 4 ಹೋಗುತ್ತದೆ, ‘ಇನ್ಸುಲಿನ್ ಹಾಕಿದರೂ ಶುಗರ್ ಇಳಿಯಲ್ಲ’ ಎಂಬ ದೂರು ಹುಟ್ಟುವುದು ಹೀಗೂ ಉಂಟು. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇದೆಯೇ ಎಂದು ಅಣ್ಣನೋ ಅತ್ತಿಗೆಯೋ ಪ್ರತಿ ಸಲ ನೋಡಲಿ.

ಹಾಲಿನಂತೆ ಮಸುಕಾಗಿರುವ ಇನ್ಸುಲಿನ್ ಆಗಿದ್ದರೆ ಎರಡು ಅಂಗೈ ನಡುವೆ ಹತ್ತಿಪ್ಪತ್ತು ಸಲ ಮೆಲ್ಲಗೆ ಉರುಳಿಸಿ, ಕುಲುಕಬೇಡಿ. ಹೊಕ್ಕುಳಿಂದ ಎರಡು ಬೆರಳು ದೂರ ಬಿಟ್ಟು ಹೊಟ್ಟೆಗೆ, ಇಲ್ಲವೇ ತೊಡೆಯ ಹೊರಭಾಗಕ್ಕೆ ಚುಚ್ಚಿ, ದಿನಾ ಒಂದು ಬೆರಳಷ್ಟು ಜಾಗ ಸರಿಸಿ. ಒಂದೇ ಕಡೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟುತ್ತದೆ, ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ತೆರೆಯದ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿರಲಿ, ಫ್ರೀಜರಿನಲ್ಲಿ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡಬೇಕು. ಫ್ರಿಜ್ಜಿಲ್ಲದಿದ್ದರೆ ನೆರಳಲ್ಲಿ ಮಣ್ಣಿನ ಮಡಕೆ ಇಟ್ಟು, ತಳಕ್ಕೆ ಸ್ವಲ್ಪ ನೀರು ಹಾಕಿ, ಮುಚ್ಚಿದ ಸ್ಟೀಲ್ ಡಬ್ಬಿಯೊಳಗೆ ಬಾಟಲಿ ಇಡಬಹುದು. 10 ಎಂ.ಎಲ್ ಬಾಟಲಿಯಲ್ಲಿ 400 ಯೂನಿಟ್, ದಿನಕ್ಕೆ 12 ಆದರೆ 33 ದಿನಕ್ಕಾಗುತ್ತದೆ. ಆದರೆ ತೆರೆದು ನಾಲ್ಕು ವಾರಕ್ಕೆ ಬದಲಿಸುವುದು ಒಳ್ಳೆಯದು. ತೆರೆದ ತಾರೀಕನ್ನು ಬಾಟಲಿಯ ಮೇಲೆಯೇ ಬರೆದಿಡಿ.

ಅಮ್ಮ ಇನ್ಸುಲಿನ್ ಶುರು ಮಾಡದೆಯೂ ಲೋ ಶುಗರ್ ಆಗಬಹುದು ಎಂಬುದು ನೆನಪಿರಲಿ: ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಸಾಕು. ಬೆವರು, ಕೈನಡುಕ, ಎದೆ ಡವಡವ, ಮಾತು ತೊದಲುವುದು ಕಂಡರೆ ಅಥವಾ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಟ್ಟು, ಆಮೇಲೆ ಊಟ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಮೀಟರ್ ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಬೆಲ್ಲ ಮುರಿದ, ಬಾಳೆಹಣ್ಣು ಸುಲಿದ ಬೆರಳಲ್ಲಿ 110 ಇದ್ದದ್ದು 200 ಎಂದು ತೋರಿಸಬಲ್ಲದು. ಆ ಅಂಕಿ ನಂಬಿ ಇನ್ಸುಲಿನ್ ಏರಿಸಿದರೆ ಅಪಾಯ.

ಬೆಲ್ಲದ ಮಾತು ಬಂತು. ಬಣ್ಣ, ರುಚಿ ಬೇರೆ, ರಕ್ತದಲ್ಲಿ ಅದು ಸಕ್ಕರೆಯೇ. ರಾಗಿ ಒಳ್ಳೆಯ ಧಾನ್ಯ, ಆದರೆ 100 ಗ್ರಾಂ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವಿದೆ. ‘ರಾಗಿ ತಾನೇ’ ಅಂತ ದೊಡ್ಡ ಮುದ್ದೆ ಎರಡು ಇಳಿಸಿದರೆ ಅನ್ನ ಉಂಡದ್ದಕ್ಕಿಂತ ಬಹಳ ಬೇರೆಯೇನೂ ಆಗುವುದಿಲ್ಲ. ಅಮ್ಮನ ಮುಷ್ಟಿಯಷ್ಟು ಒಂದೇ ಮುದ್ದೆ, ಜೊತೆಗೆ ಬಸ್ಸಾರಿನ ಸೊಪ್ಪು ಕಾಳು ಎರಡರಷ್ಟು. ತೆಳ್ಳಗಿನ ರಾಗಿ ಗಂಜಿ ಮುದ್ದೆಗಿಂತ ಬೇಗ ಶುಗರ್ ಏರಿಸುತ್ತದೆ. ಇನ್ಸುಲಿನ್ ಗಿಡದ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ತಿಂದ ಇನ್ಸುಲಿನ್ ಹೊಟ್ಟೆಯಲ್ಲೇ ಜೀರ್ಣವಾಗುತ್ತಿತ್ತು, ಸೂಜಿಯಲ್ಲಿ ಕೊಡುವುದೇ ಅದಕ್ಕೆ. ಅಮ್ಮ ಎರಡೆಲೆ ತಿನ್ನುವುದಕ್ಕಾಗಿ ಜಗಳ ಬೇಡ. ಎಲೆ ತಿಂದೆ ಎಂದು ಮಾತ್ರೆ ಬಿಟ್ಟರೆ ಮಾತ್ರ ಸುಮ್ಮನಿರಬೇಡಿ.

‘ಮೆಟ್‌ಫಾರ್ಮಿನ್ ಕಿಡ್ನಿ ಹಾಳುಮಾಡುತ್ತದೆ’ ಎನ್ನುವುದೂ ಊರಲ್ಲಿ ಓಡಾಡುವ ಮಾತು. ಹಾಳು ಮಾಡುವುದು ಏರಿದ ಸಕ್ಕರೆ ಮತ್ತು ಬಿಪಿ. ಕಿಡ್ನಿ ಸೋತವರಲ್ಲಿ ಮೆಟ್‌ಫಾರ್ಮಿನ್ ಮೈಯಲ್ಲಿ ಉಳಿದುಬಿಡುವುದರಿಂದ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಅಂಕಿ) 45ಕ್ಕಿಂತ ಇಳಿದಾಗ ಡೋಸ್ ತಗ್ಗಿಸಿ, 30ಕ್ಕಿಂತ ಇಳಿದಾಗ ನಿಲ್ಲಿಸುತ್ತಾರೆ. ಹಾಗಾಗಿ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ವರ್ಷಕ್ಕೊಮ್ಮೆ ಬೇಕು. ಅನುಪಾತ 30 ದಾಟಿದರೆ ಕಿಡ್ನಿ ಸೋರಲು ಶುರುವಾಗಿದೆ ಎಂದರ್ಥ, ಆ ಹಂತದಲ್ಲಿ ತಡೆಯಲು ಔಷಧಿ ಇದೆ. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡುವ ಪರೀಕ್ಷೆಯನ್ನು ಇನ್ಸುಲಿನ್ ಶುರುವಾಗುವ ಆಸುಪಾಸಿನಲ್ಲೇ ಮಾಡಿಸಿ. ಬಹಳ ಕಾಲ ಏರಿದ್ದ ಶುಗರ್ ದಿಢೀರನೆ ಇಳಿದಾಗ ಮೊದಲೇ ಇದ್ದ ರೆಟಿನಾ ತೊಂದರೆ ಕೆಲಕಾಲ ಹೆಚ್ಚಬಹುದು. ಬೆಂಗಳೂರಿಗೆ ಬರುವುದಾದರೆ ಕಣ್ಣಿಗೆ ಮಿಂಟೋ ಆಸ್ಪತ್ರೆ, ಶುಗರ್ ಮತ್ತು ಕಾಲಿಗೆ ಜಯನಗರದ ಅಶೋಕ ಪಿಲ್ಲರ್ ಬಳಿಯ ಸರ್ಕಾರಿ ಎಂಡೋಕ್ರಿನಾಲಜಿ ಸಂಸ್ಥೆ ಇವೆ.

ಏಜೆಂಟರ ಸಲಹೆಯನ್ನು ಒಪ್ಪಬೇಡಿ. ಎಂಟು ವರ್ಷದ ಶುಗರ್ ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ, ಮೊದಲ ಕ್ಲೇಮಿನಲ್ಲೇ ಆಸ್ಪತ್ರೆಯ ದಾಖಲೆಯಲ್ಲಿ ‘ಶುಗರ್ – 8 ವರ್ಷ’ ಎಂದು ಬರೆದಿರುತ್ತಾರೆ, ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ರದ್ದಾಗಬಹುದು. ಕಮಿಷನ್ ಅಷ್ಟರಲ್ಲಿ ಅವರ ಕೈ ಸೇರಿರುತ್ತದೆ. 2024ರ ನಿಯಮದಂತೆ ಹೇಳಿಕೊಂಡ ಹಳೆಯ ಕಾಯಿಲೆಗೆ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಐದು ವರ್ಷ ಬಿಡದೆ ನಡೆದ ಪಾಲಿಸಿಯಲ್ಲಿ ಮಾಹಿತಿ ಕೊಟ್ಟಿಲ್ಲ ಎಂಬ ನೆಪದಲ್ಲಿ ಕ್ಲೇಮ್ ತಳ್ಳುವಂತಿಲ್ಲ, ಆದರೆ ಬೇಕೆಂದೇ ಮಾಡಿದ ಮೋಸಕ್ಕೆ ಈ ರಕ್ಷಣೆ ಇಲ್ಲ. ಮೊದಲ ದಿನದಿಂದಲೇ ಶುಗರ್‌ಗೆ ರಕ್ಷಣೆ ಕೊಡುವ ಪಾಲಿಸಿಗಳೂ ಇವೆ, ಕಂತು ದುಬಾರಿ. ಇಎಸ್‌ಐ ಮತ್ತು ಬಿಪಿಎಲ್ ಕಾರ್ಡ್ ಎರಡೂ ಇರುವಾಗ ಆ ಕಂತಿನ ಹಣವನ್ನು ಮೊದಲು ಮೀಟರ್ ಪಟ್ಟಿಗೆ, ಪಾದಕ್ಕೆ ಸರಿಯಾದ ಮೆತ್ತನೆಯ ಚಪ್ಪಲಿಗೆ, ಮೇಲೆ ಹೇಳಿದ ಪರೀಕ್ಷೆಗಳಿಗೆ ಹಾಕಿ ಎನ್ನುತ್ತೇನೆ.

ಆಯುಷ್ಮಾನ್ ಕಾರ್ಡ್ ಕೆಲಸಕ್ಕೆ ಬರುವ ಹೊತ್ತು ಈಗಲೇ ಬರಬಹುದು, ಆ ಗಾಯದಿಂದಾಗಿ. ಕೊಳೆತ ಭಾಗ ತೆಗೆಯುವುದು, ರಕ್ತನಾಳದ ಚಿಕಿತ್ಸೆ ಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅಲ್ಲಿನ ವೈದ್ಯರ ರೆಫರಲ್ ಪತ್ರದೊಂದಿಗೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ. ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿ ಆಮೇಲೆ ಕಾರ್ಡ್ ತೋರಿಸಿದರೆ ಹಣ ಸಿಗುವುದಿಲ್ಲ. ತುರ್ತು ಪಟ್ಟಿಯ ಚಿಕಿತ್ಸೆಗಳಿಗೆ ಮಾತ್ರ ಪತ್ರ ಬೇಡ. ಸೇರಿಸುವಾಗಲೇ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಕಂಡು ಮಂಜೂರಾತಿ ಆಗಿದೆಯೇ ಕೇಳಿ. ಮುಂಗಡ ಕಟ್ಟಿ ಎಂದರೆ 104ಕ್ಕೆ ಕರೆ ಮಾಡಿ.

ಅಮ್ಮನನ್ನು ಕರೆದುಕೊಂಡು ಹೊರಡುವಾಗ ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಇ-ಪೆಹಚಾನ್ ಪ್ರತಿ, ಎಲ್ಲ ಹಳೆಯ ವರದಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳೇ (ಹೆಸರು ಬರೆದ ಚೀಟಿಯಲ್ಲ) ಇರಲಿ. ಹೆಬ್ಬೆರಳ ಗಾಯದ ಫೋಟೋ ಇವತ್ತೇ ಒಂದು ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಮುಂದಿನ ವಾರ ಅದೇ ರೀತಿ ಇನ್ನೊಂದು ತೆಗೆದರೆ, ಗಾಯ ಹಿಗ್ಗಿದೆಯೋ ಕುಗ್ಗಿದೆಯೋ ಡಾಕ್ಟರಿಗೂ ನಿಮಗೂ ಕಣ್ಣಿಗೇ ಕಾಣುತ್ತದೆ.